ಪುಟ ನಲವತ್ತೊಂದರ ಐದು ಹಸುಗಳು

ನೋಟೀಸು ಬಂದಾಗ ನನ್ನ ಪುಸ್ತಕದ ಮೂರನೇ ಫಾರ್ಮು ಮಷಿನ್ ಮೇಲೆ ಓಡುತ್ತಿತ್ತು. ಹದಿನಾರು ಪುಟಗಳ ದೊಡ್ಡ ಹಾಳೆ, ಮೂವತ್ತಮೂರರಿಂದ ನಲವತ್ತೆಂಟರವರೆಗೆ. ದೊಡ್ಡಬಳ್ಳಾಪುರದ ಆ ಪ್ರೆಸ್ಸಿನಲ್ಲಿ ವರ್ಷವಿಡೀ ಅಚ್ಚಾಗುವುದು ಲಗ್ನಪತ್ರಿಕೆ, ಬಿಲ್ ಪುಸ್ತಕ, ಗೃಹಪ್ರವೇಶದ ಕಾರ್ಡು. ಪುಸ್ತಕ ಅಂತ ಆ ವರ್ಷ ಅಲ್ಲಿ ಅಚ್ಚಿಗೆ ಹತ್ತಿದ್ದು ನನ್ನದೊಂದೇ. ಯಜಮಾನರು ಮಷಿನ್ ನಿಲ್ಲಿಸಿ, ಮಸಿ ಕೈಯಲ್ಲೇ ಎರಡು ಲಕೋಟೆ ಹಿಡಿದುಕೊಂಡು ಬಂದರು.

“ಏನಮ್ಮಾ ಇದು? ಲಾಯರ್ ನೋಟೀಸು. ನಿಂಗೊಂದು, ನಂಗೊಂದು. ಮುಯ್ಯಿ ಕಳಿಸ್ದಂಗೆ ಜೋಡಿ ಕಳಿಸವ್ರೆ.”

ದೇವನಹಳ್ಳಿ ಕಡೆಯ ಒಂದು ವಿಲ್ಲಾ ಬಡಾವಣೆಯ ಕಂಪನಿಯಿಂದ ಬಂದಿತ್ತು ಅದು. ನನ್ನ ಪುಸ್ತಕದ ಮೂರು ಚಿತ್ರಗಳ ಮೇಲೆ ತನಗೆ ಕೃತಿಸ್ವಾಮ್ಯ ಇದೆಯಂತೆ. ಪುಟ ನಲವತ್ತೊಂದರ ವೀರಗಲ್ಲು, ನಲವತ್ತನಾಲ್ಕರಲ್ಲಿ ಊರ ಕ್ರಾಸಿನ ಪ್ರತಿಮೆ, ನಲವತ್ತಾರರಲ್ಲಿ ಶಾಲೆಯ ಕಾಂಪೌಂಡಿನ ಮೇಲಿನ ಬಣ್ಣದ ಚಿತ್ರ. ಮೂರನ್ನೂ ತೆಗೆಯಬೇಕು. ಅಚ್ಚಾದ ಹಾಳೆಗಳನ್ನು ನಾಶ ಮಾಡಬೇಕು. ಇಲ್ಲದಿದ್ದರೆ ಬರೆದವಳ ಮೇಲೂ ಮುದ್ರಕರ ಮೇಲೂ ದಾವೆ. ನಾನು ಹೆಮ್ಮೆಗೆ ಮಾದರಿ ಪುಟಗಳನ್ನು ಮೊಬೈಲಿನಲ್ಲಿ ನಾಲ್ಕಾರು ಗುಂಪುಗಳಿಗೆ ಹಾಕಿದ್ದೆ, ಪ್ರೆಸ್ಸಿನ ಹೆಸರಿನ ಸಮೇತ. ಅಲ್ಲಿಂದ ಕಂಪನಿಯವರ ಕೈಗೆ ಹೋಗಿತ್ತು.

“ನೋಡಮ್ಮ, ನಂದು ಲಗ್ನಪತ್ರಿಕೆ ಪ್ರೆಸ್ಸು,” ಎಂದರು ಯಜಮಾನರು. “ಕೋರ್ಟಿಗೆ ನಾನು ಹೋಗಿರೋದು ಒಂದೇ ಸಲ, ಭಾವಮೈದನ ಜಾಮೀನಿಗೆ ಸೈನ್ ಹಾಕಕ್ಕೆ. ಆವತ್ತೇ ಸಾಕಾಯ್ತು. ನೀನು ಇದನ್ನ ಬಗೆಹರಿಸ್ಕೊಂಡು ಬಾ. ಅಲ್ಲಿಗಂಟ ಪ್ಲೇಟು ಇಳಿಸ್ತೀನಿ.”

ಇಳಿಸಿಯೇಬಿಟ್ಟರು. ಆರು ವರ್ಷದ ಭಾನುವಾರಗಳು ಆ ತಗಡಿನ ಮೇಲಿದ್ದವು.

ಆ ಪುಸ್ತಕ ಏನು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡಬಳ್ಳಾಪುರ, ದೇವನಹಳ್ಳಿ ತಾಲ್ಲೂಕಿನ ಊರುಗಳಲ್ಲಿ ಕೆರೆ ಏರಿ, ಬೇಲಿಸಾಲು, ತಿಪ್ಪೆ ಪಕ್ಕ ನಿಂತಿರುವ, ಬಿದ್ದಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೋ ಮತ್ತು ವಿವರ, ಜೊತೆಗೆ ಆಯಾ ಊರಿನ ಗುರುತಿಗೆ ಅಲ್ಲಿನ ಒಂದೆರಡು ಚಿತ್ರ. ಆಯಾ ಊರಿನ ಶಾಲೆಗೆ ಒಂದೊಂದು ಪ್ರತಿ, ಕಲ್ಲಿಗೆ ನಡೆದುಕೊಳ್ಳುವ ಮನೆಗೆ ಒಂದೊಂದು ಪ್ರತಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಹೊಟ್ಟೆಪಾಡಿಗೆ ಸಣ್ಣ ಸ್ಟುಡಿಯೋ ಇದೆ, ಪಾಸ್‌ಪೋರ್ಟ್ ಸೈಜ್ ಫೋಟೋ, ಮದುವೆ, ನಾಮಕರಣ. ನಮ್ಮಪ್ಪ ಕ್ವಾರಿಯಲ್ಲಿ ಉಳಿ ಹಿಡಿದವರು. ಅಮ್ಮ ಮಗ್ಗದ ಶೆಡ್ಡಿನಲ್ಲಿ ಕಂಡಿಕೆ ಸುತ್ತಿದವರು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟು ಬಂದದ್ದು ನನ್ನ ಹೆಸರಿಗೇ ಮೊದಲು, ಅದೂ ಇತಿಹಾಸದಲ್ಲಿ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಸಿಟ್ಟು ನೆತ್ತಿಗೇರಿದ್ದು ಪುಟ ನಲವತ್ತೊಂದಕ್ಕೆ. ಆ ಫೋಟೋ ನಾನೇ ತೆಗೆದದ್ದು! ಎರಡು ವರ್ಷದ ಹಿಂದೆ ಇದೇ ಕಂಪನಿ ತನ್ನ ಬ್ರೋಷರಿಗೆ ಅಂತ ನನ್ನನ್ನು ಕರೆಸಿತ್ತು. ಗೇಟು, ಹುಲ್ಲುಹಾಸು, ಈಜುಕೊಳ, ಜೊತೆಗೆ ಊರಾಚೆ ಬಂಡಿದಾರಿಯ ಅಂಚಿನಲ್ಲಿರುವ ಆ ವೀರಗಲ್ಲು. ಕಂಪನಿ ದಾರಿಯ ಎರಡೂ ಕಡೆ ಹೊಲ ಕೊಂಡು ಸಮ ಮಾಡಿ, ಕಲ್ಲಿನ ಸುತ್ತ ಹುಲ್ಲು ಬೆಳೆಸಿತ್ತು. ಕಲ್ಲು ಅವತ್ತು ಚೆನ್ನಾಗಿ ಬಂದಿತ್ತು. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬಂದ ಕಲ್ಲು ಬೇರೆ ಇಲ್ಲ. ಆದ್ದರಿಂದಲೇ ಪುಸ್ತಕಕ್ಕೂ ಅದನ್ನೇ ಹಾಕಿದ್ದೆ.

ಸ್ಕೂಟರ್ ಹತ್ತಿ ಸೀದಾ ಬಡಾವಣೆಯ ಆಫೀಸಿಗೆ ಹೋದೆ. ಸೈಟ್ ಮ್ಯಾನೇಜರು ಗುರುತಿನವರೇ.

“ಬನ್ನಿ ಮೇಡಂ, ಕೂತ್ಕೊಳಿ. ಕಾಫಿನಾ, ಟೀನಾ?”

“ನೋಟೀಸು ಯಾಕೆ ಕಳಿಸಿದ್ರಿ ಹೇಳಿ.”

“ಅದು ಲೀಗಲ್ ಟೀಮು. ನಾನು ಸೈಟ್ ನೋಡ್ಕೊಳೋನು ಅಷ್ಟೇ.”

“ಆ ಫೋಟೋ ತೆಗ್ದಿದ್ದು ನಾನು. ಬೆಳಿಗ್ಗೆ ಆರೂವರೆಗೆ ಬಂದು ಇದೇ ಹುಲ್ಲಿನ ಮೇಲೆ ಬೋರಲು ಮಲಗಿ ತೆಗ್ದಿದ್ದು. ಪಕ್ಕದಲ್ಲಿ ನೀವೇ ಛತ್ರಿ ಹಿಡ್ಕೊಂಡು ನಿಂತಿದ್ರಿ!”

“ನಿಂತಿದ್ದೆ. ಇಲ್ಲ ಅಂದ್ನಾ? ಆದ್ರೆ ಮೇಡಂ, ತೆಗೆಸಿದ್ದು ಯಾರು? ಮೇಸ್ತ್ರಿ ಗೋಡೆ ಕಟ್ತಾನೆ. ಅದಕ್ಕೇಂತ ಗೋಡೆ ಮೇಸ್ತ್ರಿದಾ?”

“ಹಂಗಾದ್ರೆ ಕಲ್ಲೂ ನಿಮ್ದಾ?” ಎಂದೆ.

“ಕಲ್ಲು ನಮ್ಮ ಲೋಗೋ. ಗೇಟ್ ಮೇಲೆ, ಲೆಟರ್‌ಹೆಡ್ ಮೇಲೆ, ವಾಟರ್ ಬಾಟಲ್ ಮೇಲೆ ಅದೇ ಇರೋದು. ಇನ್ನೊಬ್ರು ಅದರ ಫೋಟೋ ಹಾಕಂಗಿಲ್ಲ, ಅಷ್ಟೇ ಅಂತೆ.” ದನಿ ಇಳಿಸಿದರು. “ಜಗಳ ಯಾಕೆ ಮೇಡಂ? ಫೋಟೋ ಕೆಳಗೆ ‘ಸಂರಕ್ಷಣೆ’ ಅಂತ ನಮ್ಮ ಹೆಸರು ಹಾಕಿ. ಹಿಂದಿನ ರಟ್ಟಿನ ಮೇಲೆ ನಮ್ಮ ಒಂದು ಜಾಹೀರಾತು. ನಾಳೆನೇ ಪರ್ಮಿಷನ್ ಲೆಟರ್ ಕೊಡಿಸ್ತೀನಿ. ನಿಮ್ಮಂಥೋರು ಮೇಲೆ ಬರ್ಬೇಕು ಅಂತ ನಮ್ಮ ಸಾಹೇಬ್ರಿಗೂ ಆಸೆ ಇದೆ.”

ನಿಮ್ಮಂಥೋರು. ಈ ಮಾತನ್ನು ನಾನು ಕಾಲೇಜಿನ ಫೀಸ್ ಕೌಂಟರಿನಲ್ಲಿ ಕೇಳಿದ್ದೇನೆ, ಬಾಡಿಗೆ ಮನೆಯ ಬಾಗಿಲಲ್ಲಿ ಕೇಳಿದ್ದೇನೆ. ಟೀ ಬರುವ ಮೊದಲೇ ಎದ್ದೆ.

ಕೃತಿಸ್ವಾಮ್ಯ ಕಾಯ್ದೆ ಸರ್ಕಾರದ ಜಾಲತಾಣದಲ್ಲಿ ಸಿಕ್ಕಿತು. ಇಂಗ್ಲಿಷು. ಒಂದೊಂದು ವಾಕ್ಯ ಅರ್ಧ ಪುಟ. ಸ್ಟುಡಿಯೋದ ಶಟರ್ ಅರ್ಧ ಎಳೆದು, ನಿಘಂಟು ಪಕ್ಕಕ್ಕಿಟ್ಟುಕೊಂಡು, ನನಗೆ ಬೇಕಾದ ಕಲಂಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ಮೂರು ದಿನ. ಶಾಸನ ಓದುವುದೂ ಹೀಗೆಯೇ. ಮೊದಲ ದಿನ ಬರೀ ಗೀರು, ಎರಡನೇ ದಿನ ಅಕ್ಷರ, ಮೂರನೇ ದಿನ ಮಾತು.

ಮೊದಲು ಅರ್ಥವಾದ ಮಾತೇ ಕೆನ್ನೆಗೆ ಬಾರಿಸಿತು. ಹದಿನೇಳನೇ ಕಲಂ. ಸಾಮಾನ್ಯವಾಗಿ ಫೋಟೋ ತೆಗೆದವರೇ ಅದರ ಒಡೆಯರು. ಆದರೆ ಒಬ್ಬರು ಹಣ ಕೊಟ್ಟು, ಹೇಳಿ ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ನಾನು ಕರಾರು ಮಾಡಿಕೊಂಡಿರಲಿಲ್ಲ. ಫೋನಿನಲ್ಲಿ “ಆಯ್ತು ಸರ್” ಅಂದಿದ್ದೆ. ಮ್ಯಾನೇಜರು ಹೇಳಿದ ಗೋಡೆ ಮೇಸ್ತ್ರಿಯ ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಕಣ್ಣು, ನನ್ನ ಹೊಟ್ಟೆಗಂಟಿದ ಇಬ್ಬನಿ, ಆದರೆ ಫೋಟೋ ಅವರದ್ದು. ಎಷ್ಟು ಸಾವಿರ ಮದುವೆ ಫೋಟೋ ತೆಗೆದಿದ್ದೇನೆ, ಈ ಒಂದು ಸಾಲು ನನಗೆ ಗೊತ್ತಿರಲಿಲ್ಲ. ನನ್ನ ಮೇಲೇ ಬಂದ ಸಿಟ್ಟಿಗೆ ನೋಟ್‌ಬುಕ್ಕಿನ ಆ ಹಾಳೆ ಹರಿದೆ. ಆಮೇಲೆ ಮತ್ತೆ ಬರೆದೆ, ಬೇಕಾಗಿತ್ತಲ್ಲ.

ಆದರೆ ಅವರು ಕೇಳುತ್ತಿದ್ದುದು ಒಂದು ಫೋಟೋ ಅಲ್ಲ. ಕಲ್ಲನ್ನೇ ಯಾರೂ ತೋರಿಸಕೂಡದು ಅನ್ನುತ್ತಿದ್ದರು. ಆ ಮಾತಿಗೆ ಕಾಯ್ದೆಯಲ್ಲಿ ಎಲ್ಲೂ ಜಾಗ ಇರಲಿಲ್ಲ. ಕಲಾಕೃತಿಯ ಕೃತಿಸ್ವಾಮ್ಯ ಮಾಡಿದವರ ಜೀವಮಾನ, ಅದರಾಚೆ ಅರವತ್ತು ವರ್ಷ. ಆ ವೀರಗಲ್ಲನ್ನು ಕಡೆದವನು ಸತ್ತು ಅಂಥ ಎಷ್ಟು ಅರವತ್ತುಗಳು ಕಳೆದವೋ. ಅದು ಈಗ ಯಾರದ್ದೂ ಅಲ್ಲ, ಅಂದರೆ ಎಲ್ಲರದ್ದು. ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾಗಿದ್ದರೆ ಅಲ್ಲಿ ಕ್ಯಾಮರಾಕ್ಕೆ ಬೇರೆ ನಿಯಮಗಳು ಇರುತ್ತವೆ. ಈ ಕಲ್ಲು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅದನ್ನು ಪಟ್ಟಿಗೆ ತರಬೇಕು ಅಂತಲೇ ನಾನು ಒದ್ದಾಡುತ್ತಿದ್ದೆ.

ಇನ್ನು ಕ್ರಾಸಿನ ಪ್ರತಿಮೆ. ಮಗ್ಗದ ಮುಂದೆ ಕೂತ ಹೆಂಗಸು, ಸಿಮೆಂಟಿನದ್ದು, ಕಂಪನಿಯೇ ಮಾಡಿಸಿ ನಿಲ್ಲಿಸಿದ್ದು. ಶಿಲ್ಪಿ ಬದುಕಿದ್ದಾನೆ, ಕೃತಿಸ್ವಾಮ್ಯವೂ ಬದುಕಿದೆ. ಆದರೆ ಐವತ್ತೆರಡನೇ ಕಲಂ ಇದೆ. ಸಾರ್ವಜನಿಕ ಜಾಗದಲ್ಲಿ, ಇಲ್ಲವೇ ಜನ ಬಂದುಹೋಗುವ ಆವರಣದಲ್ಲಿ ಕಾಯಂ ಆಗಿ ನಿಲ್ಲಿಸಿದ ಶಿಲ್ಪದ ಫೋಟೋ ತೆಗೆಯುವುದೂ ಪ್ರಕಟಿಸುವುದೂ ಉಲ್ಲಂಘನೆಯಲ್ಲ. ಕಟ್ಟಡಕ್ಕೂ ಹಾಗೆಯೇ. ಬಸ್ಸು ತಿರುಗುವ ಕ್ರಾಸಿಗಿಂತ ಸಾರ್ವಜನಿಕ ಜಾಗ ಬೇಕೆ? ಆ ಹೆಂಗಸಿನ ಮಡಿಲಲ್ಲಿ ದಿನಾ ಯಾರಾದರೊಬ್ಬರು ಕೂತು ಬಸ್ಸಿಗೆ ಕಾಯುತ್ತಾರೆ.

ಶಾಲೆಯ ಗೋಡೆಯ ಚಿತ್ರದ ಹತ್ತಿರ ಬಂದಾಗ ಮಾತ್ರ ನನ್ನ ಪೆನ್ನು ನಿಂತಿತು. ಶಿಲ್ಪಕ್ಕೆ ಕೊಟ್ಟ ಈ ಸಡಿಲಿಕೆ ಗೋಡೆಯ ಮೇಲೆ ಬರೆದ ಬಣ್ಣದ ಚಿತ್ರಕ್ಕೆ ಇಲ್ಲ. ರಸ್ತೆಯಲ್ಲಿ ಹೋಗುವ ನಾಯಿಗೂ ಕಾಣುವ ಚಿತ್ರ, ಆದರೂ ಪುಸ್ತಕದಲ್ಲಿ ಹಾಕಲು ಒಡೆಯನ ಒಪ್ಪಿಗೆ ಬೇಕು. ಒಡೆಯ ಯಾರು? ಬರೆದವನು ಹೊಸಕೋಟೆಯಲ್ಲಿ ಬೋರ್ಡು ಬರೆಯುವ ಕಲಾವಿದ, ಅದೇ ಶಾಲೆಯಲ್ಲಿ ಓದಿದವನು. ಫೋನ್ ಮಾಡಿದೆ.

“ಅಕ್ಕಾ, ಕಂಪನಿಯೋರು ಕೊಟ್ಟಿದ್ದು ಬಣ್ಣದ ಡಬ್ಬ. ಕೂಲಿ ಅಂತ ಒಂದು ಬನ್ನೂ ಕೊಟ್ಟಿಲ್ಲ. ನಾನೂ ಕೇಳ್ಲಿಲ್ಲ, ನಮ್ ಇಸ್ಕೂಲು ಅಂತ ಬರ್ದೆ.”

“ಕೂಲಿ ತಗೊಂಡಿಲ್ಲ ಅಂದ್ರೆ ಚಿತ್ರ ನಿಂದೇ. ಅದನ್ನ ಪುಸ್ತಕಕ್ಕೆ ಹಾಕ್ಕೋಬಹುದು ಅಂತ ಬರೆದು ಸೈನ್ ಹಾಕಿ ಕೊಡ್ತೀಯಾ?”

“ಕೊಡ್ತೀನಿ. ಪುಸ್ತಕದಾಗೆ ನನ್ ಹೆಸ್ರು ಮಾತ್ರ ದಪ್ಪಕ್ಷರದಲ್ಲಿ ಹಾಕ್ಬೇಕು. ನಮ್ ಹೆಂಡ್ತಿಗೆ ಕನ್ನಡಕ ಇಲ್ದೆ ಕಾಣಲ್ಲ.”

ಕಾಗದ ಮರುದಿನವೇ ಬಸ್ಸಿನಲ್ಲಿ ಬಂತು. ಇನ್ನು ಉಳಿದದ್ದು ಪುಟ ನಲವತ್ತೊಂದು. ಅದರ ದಾರಿ ಸುಲಭ ಅನ್ನಿಸಿತು. ಅವರ ಫೋಟೋ ಅವರಿಗಿರಲಿ, ನಾನು ಹೋಗಿ ಹೊಸದು ತೆಗೆಯುತ್ತೇನೆ. ಬಂಡಿದಾರಿ ಊರಿನದು, ನಕಾಶೆಯಲ್ಲೂ ಇದೆ. ದಾರಿಯಲ್ಲಿ ನಿಂತು ತೆಗೆದರೆ ಯಾರೇನು ಅನ್ನುವಂತಿಲ್ಲ.

ಸಂಜೆ ನಾಲ್ಕೂವರೆಗೆ ಹೋದೆ. ಇಳಿಬಿಸಿಲು ಕಲ್ಲಿಗೆ ಪಕ್ಕದಿಂದ ಬಿದ್ದರೆ ಮಾತ್ರ ಉಬ್ಬು ತಗ್ಗು ಏಳುತ್ತವೆ. ಎದುರು ಬಿಸಿಲಿನಲ್ಲಿ ವೀರಗಲ್ಲು ಬರೀ ಚಪ್ಪಡಿ. ಮೂರುಕಾಲಿನ ಸ್ಟ್ಯಾಂಡು ಊರುತ್ತಿದ್ದಂತೆ ಕಾವಲುಗಾರ “ಹುಲ್ಲು ತುಳೀಬೇಡಿ ಮೇಡಂ” ಎಂದು ಕೂಗಿದ. ದಾರಿಯ ಅಂಚಿನಲ್ಲಿ ಹಸುವಿಗೆ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ತಲೆಯೆತ್ತಿತು. ಆ ಕಲ್ಲಿಗೆ ನಡೆದುಕೊಳ್ಳುವ ಮನೆಯ ಹಿರಿಯ ಜೀವ ಅದು. ಕಲ್ಲಿನಲ್ಲಿರುವ ವೀರ ತಮ್ಮ ಹಿರೀಕ ಅನ್ನುತ್ತಾರೆ ಆ ಮನೆಯವರು.

“ಏನವ್ವ, ಮತ್ತೆ ಬಂದಾ ಕ್ಯಾಮರಾ ಎತ್ಕಂಡು? ಅವತ್ತು ಬಂದು ಮಲಗಿ, ಎದ್ದು, ಎಲ್ಲಾ ತರ ಫೋಟೋ ಹಿಡ್ಕಂಡು ಹೋದೆ. ಹಸು ಎಲ್ಲಿ ಅಂತ ಒಂದ್ಮಾತು ಕೇಳ್ಲಿಲ್ಲ.”

“ಯಾವ ಹಸು ಅಜ್ಜಿ?”

“ಯಾವ ಹಸು ಅಂತಾಳೆ ನೋಡು! ಡಿಗ್ರಿ ಓದವ್ಳೆ!” ಅಜ್ಜಿ ಕುಡುಗೋಲನ್ನು ಕಲ್ಲಿನ ಬುಡದ ಕಡೆ ಚಾಚಿತು. “ಕೆಳಗಿದ್ದ ಐದು ಹಸು ಕಣವ್ವ. ನಮ್ ಹಿರೀಕ ಯಾತಕ್ಕೆ ಸತ್ತ ಅಂದ್ಕಂಡಿದ್ದೀಯ? ಕಳ್ಳರು ಹೊಡ್ಕಂಡೋಗ್ತಿದ್ದ ಹಸು ಬಿಡಿಸಕ್ಕೆ ಹೋಗಿ ಸತ್ತ. ಈಗ ನೋಡು ಅವನ್ನ. ಕತ್ತಿ ಎತ್ಕಂಡು ನಿಂತವ್ನೆ, ಯಾತಕ್ಕೆ ಅಂತ ಅವನಿಗೇ ಗೊತ್ತಿಲ್ಲ.”

ನಾನು ಟೇಪು ತೆಗೆದು ಅಳೆದೆ. ನನ್ನ ಕಾಲೇಜು ದಿನದ ಟಿಪ್ಪಣಿಯಲ್ಲಿ ಕಲ್ಲಿನ ಎತ್ತರ ಐದೂಕಾಲು ಅಡಿ. ಈಗ ನೆಲದ ಮೇಲಿದ್ದದ್ದು ನಾಲ್ಕಡಿ. ಹೊಲ ಸಮ ಮಾಡುವಾಗ ಮಣ್ಣು ಏರಿಸಿ, ಕಲ್ಲು ಅಲ್ಲಾಡದಿರಲೆಂದು ಸುತ್ತ ಕಾಂಕ್ರೀಟು ಸುರಿದು, ಅದರ ಮೇಲೆ ಚೆಂಡುಹೂವಿನ ಕುಂಡ ಜೋಡಿಸಿದ್ದರು. ಹಸುಗಳ ಸಾಲು ಕಡೆದಿದ್ದ ಕೆಳಗಿನ ಪಟ್ಟಿಕೆ ಪೂರ್ತಿ ಒಳಗೆ ಹೋಗಿತ್ತು. ಬ್ರೋಷರಿನ ಫೋಟೋದಲ್ಲೂ ಅಷ್ಟೇ, ಹೂವಿನ ಮೇಲಿಂದ ವೀರ ಎದ್ದು ನಿಂತಿದ್ದ. ನಾನು ಅವತ್ತು ಬೆಳಕು ನೋಡಿದ್ದೆ, ಕಲ್ಲು ನೋಡಿರಲಿಲ್ಲ.

ಇನ್ನೂ ಹೇಳಬೇಕೆ? ಪುಟ ನಲವತ್ತೊಂದರಲ್ಲಿ ಫೋಟೋದ ಪಕ್ಕ ನನ್ನದೇ ವಿವರ ಇತ್ತು: ಕೆಳಗಿನ ಪಟ್ಟಿಕೆಯಲ್ಲಿ ಸಾಲಾಗಿ ಐದು ಹಸುಗಳು. ಪಕ್ಕದ ಫೋಟೋದಲ್ಲಿ ಒಂದು ಬಾಲವೂ ಇಲ್ಲ. ಮೂರು ಸಲ ಪ್ರೂಫ್ ನೋಡಿದ್ದೆ. ಕಾಗುಣಿತ ತಿದ್ದಿದ್ದೆ.

“ಸಂಕ್ರಾಂತಿ ದಿನ ಕಿಚ್ಚು ಹಾಯ್ಸೋಕೆ ಮುಂಚೆ ಮೊದ್ಲು ಈ ಐದರ ಹಣೆಗೆ ಅರಿಶಿಣ, ಆಮೇಲೆ ಮನೇ ದನಕ್ಕೆ,” ಎಂದಿತು ಅಜ್ಜಿ. “ನಮ್ಮತ್ತೆ ಮಾಡಿದ್ಲು, ನಾನೂ ಮಾಡ್ದೆ. ಎರಡು ಸಂಕ್ರಾಂತಿ ಆಯ್ತು, ಸಿಮೆಂಟಿಗೇ ಹಚ್ಚಿವ್ನಿ. ಮನೆಗೆ ಹೋಗೋಷ್ಟರಲ್ಲಿ ಈ ಪುಣ್ಯಾತ್ಮ ಪೈಪಿಟ್ಟು ತೊಳೀತಾನೆ, ಕಲೆ ಆಯ್ತದೆ ಅಂತ.”

“ನನ್ ಕೆಲ್ಸ ಹೋಗ್ತದೆ ಅಜ್ಜಿ,” ಎಂದ ಕಾವಲುಗಾರ.

“ಹೋಗ್ಲಿ ಬಿಡು, ನಮ್ ಹಸು ಹೋಗಿಲ್ವಾ?”

ಕ್ಯಾಮರಾ ಚೀಲಕ್ಕೆ ಹಾಕಿದೆ. ಬಿಸಿಲು ಕಲ್ಲಿನ ಮೇಲೆ ಬೇಕಾದ ಹಾಗೆ ಬಿದ್ದಿತ್ತು. ಆದರೂ ತೆಗೆಯಲಿಲ್ಲ. ಈಗ ಎಷ್ಟೇ ಚೆನ್ನಾಗಿ ತೆಗೆದರೂ ಅದು ಅವರ ಲೋಗೋದ ಇನ್ನೊಂದು ಪ್ರತಿಯೇ ಆಗುತ್ತಿತ್ತು. ಪುಸ್ತಕಕ್ಕೆ ಹೋಗಬೇಕಾದದ್ದು ಹಸು ಇರುವ ಕಲ್ಲು. ಅಂಥದ್ದು ಒಂದು ನನ್ನ ಬಳಿ ಇರಬೇಕಿತ್ತು, ಹುಡುಕಿದರೆ.

ಡಿಗ್ರಿಯ ಕೊನೆಯ ವರ್ಷ ಕಿರುಪ್ರಬಂಧಕ್ಕೆಂದು ನಮ್ಮ ಮೇಷ್ಟ್ರ ಕ್ಯಾಮರಾ ಎರವಲು ತಂದು ಆ ಕಲ್ಲಿನ ಫೋಟೋ ತೆಗೆದಿದ್ದೆ. ಆಗ ಅಲ್ಲಿ ಹೊಂಗೆ ಮರ, ದೂಳು, ಅಷ್ಟೇ. ಮನೆಯವರು ಸುಣ್ಣ ಬಳಿದೂ ಬಳಿದೂ ಅಕ್ಷರ ಮುಚ್ಚಿಹೋಗಿದ್ದವು. ತಂತಿಬ್ರಷ್ ಹಾಕಿದರೆ ಕಲ್ಲು ಗೀರುತ್ತದೆ ಎಂದು ಅಪ್ಪ ತೆಂಗಿನ ನಾರು ಕೊಟ್ಟಿದ್ದರು. ನಾಲ್ಕು ಬಿಂದಿಗೆ ನೀರು ಹಾಕಿ ಉಜ್ಜಿದೆ. ಸಾಮಾನ್ಯವಾಗಿ ಅಕ್ಷರಕ್ಕೆ ಬಿಳಿ ಹಿಟ್ಟು ತುಂಬಿಸಿ ಓದುತ್ತಾರೆ. ಕಲ್ಲೇ ಸುಣ್ಣದಿಂದ ಬಿಳಿಯಾಗಿದ್ದರೆ ಬಿಳಿ ಹಿಟ್ಟು ಎಲ್ಲಿ ಕಾಣಬೇಕು? ಅಜ್ಜಿಯ ಮನೆಯಿಂದ ಒಂದು ಬೊಗಸೆ ರಾಗಿ ಹಿಟ್ಟು ತಂದು ಸವರಿದೆ. ಕಂದು ಬಣ್ಣದಲ್ಲಿ ಅಕ್ಷರಗಳು ಎದ್ದು ಬಂದವು, ಹಸುಗಳ ಕೊಂಬೂ ಬಂತು. ಫೋಟೋ ಆದಮೇಲೆ ತೊಳೆಯುವಷ್ಟರಲ್ಲಿ ಇರುವೆಗಳು ಊಟಕ್ಕೆ ಕೂತಿದ್ದವು.

ಟ್ರಂಕಿನ ತಳದಲ್ಲಿ ಸಿ.ಡಿ. ಸಿಕ್ಕಿತು. ಅದನ್ನು ಓದುವ ಕಂಪ್ಯೂಟರು ಹುಡುಕಲು ಒಂದು ದಿನ. ಒಂಬತ್ತು ಫೈಲುಗಳಲ್ಲಿ ತೆರೆದವು ಎರಡು. ಒಂದರ ಅರ್ಧಕ್ಕೆ ನನ್ನ ಹೆಬ್ಬೆರಳು ಅಡ್ಡ ಬಂದಿತ್ತು. ಇನ್ನೊಂದು ಸರಿಯಿತ್ತು. ಚಿಕ್ಕ ಫೈಲು, ಹಿಗ್ಗಿಸಿದರೆ ಒಡೆಯುತ್ತದೆ, ಅರ್ಧ ಪುಟಕ್ಕೆ ಮಾತ್ರ ಸಾಲುತ್ತದೆ. ಬಲಗಡೆ ಅಜ್ಜಿಯ ಮನೆಯ ಮೇಕೆಯೊಂದರ ಹಿಂಭಾಗ. ಆದರೆ ಕೆಳಗೆ ಐದೂ ಹಸುಗಳು ಇದ್ದವು, ಒಂದರ ಹಿಂದೆ ಒಂದು, ಕೊನೆಯದು ತಿರುಗಿ ನೋಡುತ್ತಿತ್ತು.

ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನ್ನ ಹಾಸ್ಟೆಲಿನ ಅಕ್ಕ ಒಬ್ಬಳಿದ್ದಾಳೆ, ನನಗಿಂತ ಎರಡು ವರ್ಷ ಮುಂದೆ ಓದಿದವಳು. ನೋಟ್‌ಬುಕ್ಕು ತಿರುವಿ ಹಾಕಿದಳು.

“ಲೇ, ನೀನೇ ಎಲ್ಲಾ ಬರ್ಕೊಂಡು ಬಂದಿದ್ದೀಯಲ್ಲೇ! ನಾನೇನು ಸೀಲು ಒತ್ಲಾ?”

“ಸರಿ ಇದ್ಯಾ ನೋಡು.”

“ಸರಿ ಇದೆ. ಮೊದ್ಲನೇ ಪ್ಯಾರಾದಲ್ಲಿ ಸೋತಿದ್ದು ಒಪ್ಕೋ. ಅವರ ಫೋಟೋ ತೆಗೀತೀನಿ ಅನ್ನು. ಅಲ್ಲಿ ಜಗ್ಗಾಡಿದ್ರೆ ಉಳಿದ ಎರಡರಲ್ಲೂ ನಿನ್ನ ಮಾತು ಯಾರೂ ನಂಬಲ್ಲ.”

ಆ ಪ್ಯಾರಾ ಬರೆಯುವಾಗ ಹಲ್ಲು ಕಚ್ಚಿದ್ದೆ. ನಾನೇ ತೆಗೆದ ಫೋಟೋವನ್ನು ಅನುಮತಿಯಿಲ್ಲದೆ ಬಳಸಿದ್ದೇನೆ, ಅಚ್ಚಾದ ಹಾಳೆಗಳನ್ನು ಕತ್ತರಿಸಿ ಹಾಕಿಸುತ್ತೇನೆ ಎಂದು ಬರೆದೆ. ಅದರ ಕೆಳಗೆ ಕಲ್ಲು, ಪ್ರತಿಮೆ, ಗೋಡೆ, ಒಂದೊಂದಕ್ಕೂ ಕಲಂ ಸಮೇತ ಉತ್ತರ. ಹೊಸದಾಗಿ ಹಾಕುವ ಹಳೆಯ ಫೋಟೋದ ಪ್ರತಿಯನ್ನೂ ಲಗತ್ತಿಸಿದೆ.

ಎಂಟು ದಿನಕ್ಕೆ ಎರಡನೇ ನೋಟೀಸು. ಈ ಸಲ ಹೇಳಿದ್ದು ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ನನ್ನ ಹಳೆಯ ಫೋಟೋ ಹಳೆಯದೇ ಅಲ್ಲವಂತೆ. ಕಂಪನಿಯ ಫೋಟೋವನ್ನೇ ಕಂಪ್ಯೂಟರಿನಲ್ಲಿ ಮಸುಕು ಮಾಡಿ, ಬಣ್ಣ ಬದಲಿಸಿ ತಯಾರಿಸಿದ್ದಂತೆ. ನಾನು ಸ್ಟುಡಿಯೋ ನಡೆಸುವವಳು, ಇಂಥ ಕೈಚಳಕ ನನಗೆ ಗೊತ್ತಿರುತ್ತದಂತೆ. ಫೈಲಿನೊಳಗಿನ ತಾರೀಖು ತೋರಿಸಿ ಅಂತ ಸವಾಲು ಬೇರೆ. ತೆರೆದು ನೋಡಿದರೆ ಮೇಷ್ಟ್ರ ಕ್ಯಾಮರಾದ ಗಡಿಯಾರಕ್ಕೆ ಯಾರೂ ದಿನಾಂಕ ಹೊಂದಿಸಿಯೇ ಇರಲಿಲ್ಲ. ನಾನು ಪ್ರಾಥಮಿಕ ಶಾಲೆಯಲ್ಲಿದ್ದ ಕಾಲದ ಒಂದು ಜನವರಿ ಒಂದನ್ನು ತೋರಿಸುತ್ತಿತ್ತು ಅದು.

ಅಕ್ಕನ ಆಫೀಸಿನ ಬೆಂಚಿನ ಮೇಲೆ ಕೂತು ನಾನು ಕಳ್ಳಿ ಅನ್ನಿಸಿಕೊಂಡ ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಎರಡೂ ಫೋಟೋ ಪಕ್ಕ ಪಕ್ಕ ಮೇಜಿನ ಮೇಲಿದ್ದವು.

“ಅಕ್ಕಾ,” ಎಂದೆ, “ನಕಲು ಮಾಡಿದ್ರೆ ಮೂಲದಲ್ಲಿರೋದು ಬರುತ್ತೆ. ಮೂಲದಲ್ಲಿ ಇಲ್ದೇ ಇರೋದು ಎಲ್ಲಿಂದ ಬರುತ್ತೆ? ಅವರ ಫೋಟೋದಲ್ಲಿ ಹಸು ಎಲ್ಲಿವೆ?”

ಅಕ್ಕ ಎರಡನ್ನೂ ನೋಡಿದಳು. ಕನ್ನಡಕ ತೆಗೆದು ಮತ್ತೆ ನೋಡಿದಳು. “ಕಾಂಕ್ರೀಟ್ ಒಡೆದು ನೋಡಿದ್ರೆ ಈ ಹಸುಗಳು ಹಿಂಗೇ ಇರ್ತವಾ?”

“ಕೊನೇದು ತಿರುಗಿ ನೋಡ್ತಿರುತ್ತೆ.”

“ಹಂಗಾದ್ರೆ ಒಡೆದು ತೋರಿಸಿ ಅಂತಾನೇ ಬರಿ!”

ಬರೆದೆವು. ನನ್ನ ಫೋಟೋ ನಿಮ್ಮದರ ನಕಲೆಂದು ಸಾಬೀತು ಮಾಡಬೇಕಾದರೆ ಕಲ್ಲಿನ ಬುಡದ ಕಾಂಕ್ರೀಟನ್ನು ಪಂಚರ ಎದುರು ತೆಗೆಸಿ, ಅಲ್ಲಿ ಐದು ಹಸುಗಳಿಲ್ಲವೆಂದು ತೋರಿಸಿ. ಮೇಷ್ಟ್ರು ಸಹಿ ಹಾಕಿ ಕಾಲೇಜು ಮೊಹರು ಒತ್ತಿದ್ದ ಕಿರುಪ್ರಬಂಧದ ಪುಟವನ್ನೂ ಸೇರಿಸಿದೆವು, ಅದರಲ್ಲಿ ಅಂಟಿಸಿದ್ದು ಇದೇ ಫೋಟೋ, ಮೇಕೆ ಸಮೇತ. ಕೊನೆಯಲ್ಲಿ ಅರವತ್ತನೇ ಕಲಂ. ಆಧಾರವಿಲ್ಲದೆ ಕೃತಿಸ್ವಾಮ್ಯದ ದಾವೆ ಹೂಡುತ್ತೇವೆಂದು ಹೆದರಿಸುವವರ ಮೇಲೆ, ಹೆದರಿಸಿಕೊಂಡವರೇ ದಾವೆ ಹೂಡಬಹುದು ಎನ್ನುತ್ತದೆ ಅದು. ಆ ಕಲಂ ಅನ್ನು ಮೊದಲ ಸಲ ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಉತ್ತರ ಬರಲಿಲ್ಲ. ತಪ್ಪಾಯಿತು ಎಂದೂ ಇಲ್ಲ, ನೋಟೀಸು ವಾಪಸ್ಸು ಎಂದೂ ಇಲ್ಲ. ಇಂಥವರು ಸೋತರೂ ಸುಮ್ಮನಾಗುತ್ತಾರೆ ಅಷ್ಟೇ, ಸೋತೆ ಅನ್ನುವುದಿಲ್ಲ. ಒಂದು ತಿಂಗಳು ಕಾದು ಪ್ರೆಸ್ಸಿಗೆ ಹೋದೆ. ಏನೇ ಬಂದರೂ ಜವಾಬ್ದಾರಿ ನನ್ನದೆಂದು ಬರೆದುಕೊಟ್ಟೆ. ಯಜಮಾನರು ಹೊಸ ಪ್ರೂಫನ್ನು ಬೆಳಕಿಗೆ ಹಿಡಿದರು.

“ಮೊದ್ಲಿನ ಫೋಟೋ ಎಷ್ಟು ಲಕಲಕ ಅಂತಿತ್ತು. ಇದೇನಮ್ಮ, ಮಂಕು ಬಡ್ದಂಗೈತೆ. ಮೇಕೆ ಬೇರೆ.”

“ಕೆಳಗೆ ನೋಡಿ.”

ಮಸಿ ಬೆರಳಿನಲ್ಲಿ ಎಣಿಸಿದರು. “ಒಂದು, ಎರಡು... ಐದು.” ಆಮೇಲೆ ಚಿತ್ರದ ಕೆಳಗಿನ ಸಾಲು ಓದಿದರು. ನಾನು ಹೊಸದಾಗಿ ಸೇರಿಸಿದ್ದು: ಕೆಳಗಿನ ಪಟ್ಟಿಕೆಯ ಹಸುಗಳು ಈಗ ಕಾಂಕ್ರೀಟಿನ ಅಡಿಯಲ್ಲಿವೆ. “ಈ ಸಾಲು ಬೇಕಾ? ಮತ್ತೆ ಕೆಣಕ್ದಂಗೆ ಆಗಲ್ವಾ?”

“ಸುಳ್ಳಾ ಅದು?”

“ಸುಳ್ಳಲ್ಲ.” ಪ್ರೂಫು ಕೆಳಗಿಟ್ಟರು. “ಹೋಗ್ಲಿ, ನಮ್ಮನೇಲೂ ಎರಡು ಹಸು ಅವೆ,” ಎಂದು ಪ್ಲೇಟು ಏರಿಸಿದರು.

ಸಂಕ್ರಾಂತಿಯ ದಿನ ಮಧ್ಯಾಹ್ನ ಮೊದಲ ಪ್ರತಿಯನ್ನು ಅಜ್ಜಿಯ ಮನೆಗೆ ತೆಗೆದುಕೊಂಡು ಹೋದೆ. ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಆಗಿತ್ತು. ಅಜ್ಜಿಗೆ ಓದಲು ಬಾರದು. ಪುಟ ನಲವತ್ತೊಂದು ತೆರೆದು ಕೈಗಿಟ್ಟೆ. ಅಜ್ಜಿ ಅದನ್ನು ಕಂಕುಳಲ್ಲಿ ಇಟ್ಟುಕೊಂಡಿತು. ಅರಿಶಿಣದ ಬಟ್ಟಲು ತೆಗೆದುಕೊಂಡು ಕಲ್ಲಿನ ಕಡೆ ನಡೆಯಿತು, ನಾನು ಹಿಂದೆ. ಕಾವಲುಗಾರ ನಮ್ಮನ್ನು ನೋಡಿ ಗೇಟಿನ ಕಡೆ ತಿರುಗಿ ನಿಂತ. ಅಜ್ಜಿ ಹೂಕುಂಡವೊಂದನ್ನು ಪಕ್ಕಕ್ಕೆ ಸರಿಸಿ, ಪುಸ್ತಕವನ್ನು ತೆರೆದ ಹಾಗೇ ಕಾಂಕ್ರೀಟಿನ ಮೇಲೆ ಕಲ್ಲಿಗೆ ಒರಗಿಸಿ, ಹೆಬ್ಬೆರಳಿನಿಂದ ಐದು ಹಸುಗಳ ಹಣೆಗೂ ಅರಿಶಿಣ ಇಟ್ಟಿತು. ಕೊನೆಯದಕ್ಕೆ ಸ್ವಲ್ಪ ಹೆಚ್ಚಾಗಿ ಮೇಕೆಗೂ ತಾಗಿತು.

ನನ್ನ ಕಣ್ಣು ತುಂಬಿತ್ತು. ಇಷ್ಟು ದಿನದ ಸಿಟ್ಟು ಇಳಿಯುತ್ತಿದೆ ಅನ್ನಿಸಿತ್ತು. ಅಜ್ಜಿ ಸೊಂಟ ಹಿಡಿದುಕೊಂಡು ಎದ್ದು ನನ್ನ ಮುಖ ನೋಡಿತು.

“ಚೆನ್ನಾಗೈತೆ ಕಣವ್ವ. ಆದ್ರೆ ಇದು ಕಾಗ್ದ. ಬರೋ ವರ್ಷನೂ ಕಾಗ್ದಕ್ಕೇ ಹಚ್ಚುಸ್ತೀಯಾ?”

ಪುಸ್ತಕ ಕೈಗೆತ್ತಿಕೊಂಡು, ಆ ಹಾಳೆಯನ್ನು ಹೊಲಿಗೆಯ ಹತ್ತಿರದಿಂದ ಜೋಪಾನವಾಗಿ ಬಿಡಿಸಿದೆ. ಬೇರೆ ಪ್ರತಿ ತಂದುಕೊಡುತ್ತೇನೆ ಎಂದೆ. ಹಬ್ಬ ಮುಗಿದು ತಾಲ್ಲೂಕು ಕಚೇರಿ ಬಾಗಿಲು ತೆರೆದ ಬೆಳಿಗ್ಗೆ ಮೊದಲ ಅರ್ಜಿ ನನ್ನದೇ ಇತ್ತು. ಬಂಡಿದಾರಿಯ ಅಂಚಿನ ವೀರಗಲ್ಲಿನ ಬುಡದ ಕಾಂಕ್ರೀಟು ತೆಗೆಸುವ ಬಗ್ಗೆ. ಲಗತ್ತು: ಪುಟ ನಲವತ್ತೊಂದು, ಅರಿಶಿಣ ಸಮೇತ.